ನಮ್ಮ ಹುಡುಗರ ಆಟಕ್ಕೆ ನಾವೇ ಇಲ್ಲದಿದ್ದರೆ

ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದಿದ್ದಾರೆ: "ರಣಜಿ ಪಂದ್ಯಗಳಿಗೆ ಜನ ಬರುತ್ತಿಲ್ಲವೆಂದು ಕಳೆದ ಸಂಚಿಕೆಯಲ್ಲಿ ಮರುಗಿದ್ದೀರಿ. ಯಾಕೆ ಬರಬೇಕು? ಬಿಸಿಲು, ಧೂಳು, ಕುಡಿಯಲು ನೀರಿಲ್ಲ, ಹೆಂಗಸರಿಗೆ ಶೌಚಾಲಯವಿಲ್ಲ. ಮನೆಯಲ್ಲಿ ಕೂತರೆ ಚೆಂಡಿನ ಹೊಲಿಗೆಯೂ ಕಾಣುತ್ತದೆ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದದ್ದನ್ನು ಕಂಡ ಮೇಲೆ ಮೊಮ್ಮಗನನ್ನು ಯಾವ ಧೈರ್ಯದ ಮೇಲೆ ಕರೆದೊಯ್ಯಲಿ? ಅಲ್ಲದೆ, ನಮ್ಮ ರಾಜ್ಯದವರು ಎಂಬ ಒಂದೇ ಕಾರಣಕ್ಕೆ ಚಪ್ಪಾಳೆ ತಟ್ಟುವುದು ಸಂಕುಚಿತತನವಲ್ಲವೇ? ಚೆನ್ನಾಗಿ ಆಡುವವರು ಎಲ್ಲಿಯವರಾದರೇನು?"

ಮೇಷ್ಟ್ರೇ, ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಇಷ್ಟು ನೇರವಾಗಿ ಕೇಳುವವರು ಈಗ ಕಡಿಮೆ. ನೀರು, ಶೌಚಾಲಯದ ವಿಷಯದಲ್ಲಿ ನೀವು ಹೇಳಿದ್ದೆಲ್ಲ ಸರಿ. ಟೀವಿ ತೋರಿಸುವಷ್ಟು ಹತ್ತಿರದಿಂದ ಚೆಂಡಿನ ತಿರುವನ್ನು ಯಾವ ಗ್ಯಾಲರಿಯಿಂದಲೂ ನೋಡಲಾಗದು ಎಂಬುದೂ ಸರಿ. 2025ರ ಜೂನ್ 4ರಂದು ಹನ್ನೊಂದು ಜನ ಕಾಲ್ತುಳಿತದಲ್ಲಿ ಪ್ರಾಣ ಬಿಟ್ಟ ನೋವಿನ ಮುಂದೆ ಯಾರ ವಾದವೂ ದೊಡ್ಡದಲ್ಲ. ಆದರೆ ಅಂದು ಅಲ್ಲಿ ಪಂದ್ಯ ನಡೆಯುತ್ತಿರಲಿಲ್ಲ. ಅಹಮದಾಬಾದಿನಲ್ಲಿ ಐಪಿಎಲ್ ಗೆದ್ದು ಬಂದ ಆರ್‌ಸಿಬಿ ತಂಡದ ವಿಜಯೋತ್ಸವಕ್ಕೆ ಜನ ನುಗ್ಗಿದ್ದರು. ಗೇಟುಗಳನ್ನು ಸರಿಮಾಡಬೇಕು, ಎಷ್ಟು ಜನಕ್ಕೆ ಜಾಗವಿದೆಯೋ ಅಷ್ಟೇ ಜನರನ್ನು ಬಿಡಬೇಕು, ಆಂಬುಲೆನ್ಸಿಗೆ ದಾರಿ ಇರಬೇಕು. ಇದನ್ನೆಲ್ಲ ನಾವು ಗಟ್ಟಿ ದನಿಯಲ್ಲಿ ಕೇಳಬೇಕೇ ಹೊರತು ಮೈದಾನಕ್ಕೆ ಹೋಗುವುದನ್ನೇ ಬಿಡಬಾರದು. ಮೈದಾನ ಸರಿಯಿಲ್ಲದಿದ್ದರೆ ಆಟವೇ ಊರು ಬಿಟ್ಟು ಹೋಗುತ್ತದೆ ಎಂಬುದನ್ನು ಅದೇ ವರ್ಷ ನೋಡಿದೆವು. ಮಹಿಳಾ ವಿಶ್ವಕಪ್‌ನ ಉದ್ಘಾಟನಾ ಪಂದ್ಯ ಬೆಂಗಳೂರಿನಲ್ಲಿ ನಡೆಯಬೇಕಿತ್ತು. ಅದು ಗುವಾಹಟಿಗೆ ಹೋಯಿತು, ಪಂದ್ಯಗಳ ಪಟ್ಟಿಯಲ್ಲಿ ಬೆಂಗಳೂರಿನ ಜಾಗಕ್ಕೆ ನವಿ ಮುಂಬೈ ಬಂತು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಕಪ್ ಎತ್ತಿದ್ದೂ ನವಿ ಮುಂಬೈಯಲ್ಲೇ. ಬೆಂಗಳೂರಿನ ಎಷ್ಟು ಹುಡುಗಿಯರು ಆ ಆಟವನ್ನು ಕಣ್ಣಾರೆ ನೋಡಬಹುದಿತ್ತು!

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ನೋವಾದದ್ದು 'ಸಂಕುಚಿತತನ' ಎಂಬ ಮಾತಿಗೆ.

ಚೆನ್ನಾಗಿ ಆಡುವವರು ಎಲ್ಲಿಯವರಾದರೇನು ಎಂದಿರಿ. ಅವರು ಚೆನ್ನಾಗಿ ಆಡುವುದನ್ನು ಕಲಿತದ್ದು ಎಲ್ಲಿ, ಯಾರ ಮುಂದೆ? ಗದಗದ ಸುನಿಲ್ ಜೋಶಿ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಬೆಳಗಿನ ಜಾವ ಹೊರಟು, ಮತ್ತೆ ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು. ಅದೇ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಹತ್ತು ಓವರಿನಲ್ಲಿ ಆರು ರನ್ ಕೊಟ್ಟು ಐದು ವಿಕೆಟ್ ಕಿತ್ತರು. ಆ ದಿನ ಇಡೀ ದೇಶ ಚಪ್ಪಾಳೆ ತಟ್ಟಿತು. ಅದಕ್ಕೆ ಎಷ್ಟೋ ವರ್ಷ ಮೊದಲು, ಯಾವ ಕ್ಯಾಮೆರಾವೂ ಇಲ್ಲದ ಮೈದಾನದ ಅಂಚಿನಲ್ಲಿ ನಿಂತು 'ಭಲೇ' ಅಂದ ನಾಲ್ಕು ಜನ ಇದ್ದರಲ್ಲ, ಅವರ ಋಣವನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮೂರಿನವರೇ ಆದ ವಿನಯ್ ಕುಮಾರ್ ಅವರನ್ನು ನೆನೆಯಿರಿ. 2013-14, 2014-15, ಎರಡು ವರ್ಷ ಬೆನ್ನುಬೆನ್ನಿಗೆ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದುಕೊಟ್ಟ ನಾಯಕ. ದಾವಣಗೆರೆಯ ಯಾವುದೋ ಬಯಲಿನಲ್ಲಿ ಆ ಹುಡುಗ ಓಡಿ ಬರುವುದನ್ನು ನಿಂತು ನೋಡಿದವರು ನಿಮ್ಮ ಪರಿಚಯದವರಲ್ಲೇ ಇರಬಹುದು.

ಊರಿನ ತಂಡದ ಮೇಲಿನ ಪ್ರೀತಿ ಮನಸ್ಸನ್ನು ಕಿರಿದು ಮಾಡುವುದಿಲ್ಲ, ಹಿಗ್ಗಿಸುತ್ತದೆ. 1999ರ ಜನವರಿ 31, ಚೆನ್ನೈನ ಚೆಪಾಕ್ ಮೈದಾನ, ಪಾಕಿಸ್ತಾನದ ಎದುರು ಟೆಸ್ಟ್. ಸಚಿನ್ 136 ಹೊಡೆದು ಔಟಾದ ಮೇಲೆ ಉಳಿದವರೆಲ್ಲ ನಮ್ಮ ಕನ್ನಡಿಗರೇ: ಜೋಶಿ, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್. ಗೆಲುವು ಹನ್ನೆರಡು ರನ್ನಿಗೆ ತಪ್ಪಿತು. ಆಗ ಚೆಪಾಕಿನ ಜನ ಎದ್ದು ನಿಂತು ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿದರು, ಅವರು ಮೈದಾನದ ಸುತ್ತ ಓಡಿ ಅದನ್ನು ಸ್ವೀಕರಿಸಿದರು. ಅಂಥ ಚಪ್ಪಾಳೆ ಒಂದೇ ದಿನದಲ್ಲಿ ಬರುವುದಿಲ್ಲ. ಸ್ಥಳೀಯ ಲೀಗ್ ಪಂದ್ಯಗಳಿಗೂ ಹೋಗಿ ಕೂರುವ ಊರಿನವರು, ಆಟದ ಕಷ್ಟ ಏನೆಂದು ಬಲ್ಲವರು ಮಾತ್ರ ಎದುರಾಳಿಗೆ ಹಾಗೆ ಎದ್ದು ನಿಲ್ಲಬಲ್ಲರು.

ಇದಕ್ಕೆ ತದ್ವಿರುದ್ಧವಾದದ್ದು 2025ರ ಜನವರಿ ಕೊನೆಯಲ್ಲಿ ದಿಲ್ಲಿಯ ಕೋಟ್ಲಾ ಮೈದಾನದಲ್ಲಿ ನಡೆಯಿತು. ವಿರಾಟ್ ಕೊಹ್ಲಿ ಬಹಳ ವರ್ಷಗಳ ಮೇಲೆ ರಣಜಿ ಆಡಲು ಬಂದರೆಂದು ಬೆಳಗಿನಿಂದಲೇ ಸಾವಿರಾರು ಜನ ಸಾಲು ನಿಂತರು. ಎದುರಾಳಿ ರೈಲ್ವೇಸ್ ತಂಡದ ಹಿಮಾಂಶು ಸಾಂಗ್ವಾನ್ ಕೊಹ್ಲಿಯವರನ್ನು ಆರು ರನ್ನಿಗೆ ಬೌಲ್ಡ್ ಮಾಡಿದರು. ಜನ ಎದ್ದು ಹೊರಟರು. ಆಟ ಇನ್ನೂ ನಡೆಯುತ್ತಲೇ ಇತ್ತು! ಕೊಹ್ಲಿ ದೊಡ್ಡ ಆಟಗಾರರು, ಅವರನ್ನು ನೋಡಲು ಬಂದದ್ದರಲ್ಲಿ ತಪ್ಪಿಲ್ಲ. ಆದರೆ ಅಂಥ ಬಿರುಸಿನಲ್ಲಿ ಅವರ ಸ್ಟಂಪು ಕಿತ್ತ ಹುಡುಗನನ್ನು ಇನ್ನೊಂದು ಗಳಿಗೆ ಕೂತು ನೋಡಬೇಕೆಂದು ಅನಿಸದಿದ್ದರೆ, ಅವರು ಕ್ರಿಕೆಟ್ ನೋಡಲು ಬಂದವರಲ್ಲ.

ಅದೇ ತಿಂಗಳು ನಮ್ಮ ಚಿನ್ನಸ್ವಾಮಿಯಲ್ಲಿ ಪಂಜಾಬಿನ ಎದುರು ಪಂದ್ಯವಿತ್ತು. ಪಂಜಾಬ್ 55ಕ್ಕೆ ಆಲೌಟ್. ಆಮೇಲೆ ಆರ್. ಸ್ಮರಣ್ 203 ಹೊಡೆದರು. ಮುಕ್ಕಾಲು ಆಸನಗಳು ಖಾಲಿ. ನನ್ನ ಪಕ್ಕ ಒಬ್ಬ ಹಿರಿಯರು ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಸ್ಮರಣ್ ಆಫ್ ಸ್ಟಂಪಿನಾಚೆಯ ಚೆಂಡನ್ನು ಬಿಡುತ್ತಿದ್ದ ರೀತಿ ನೋಡಿ, "ಬಿಡೋದು ಕಲ್ತಿದ್ದಾನೆ, ಹೊಡೆಯೋದು ತಾನೇ ಬರತ್ತೆ" ಅಂದರು. ಟೀವಿಯ ಯಾವ ವೀಕ್ಷಕ ವಿವರಣೆಯಿಂದಲೂ ನಾನು ಅಷ್ಟು ಕಲಿತಿಲ್ಲ. ಖಾಲಿ ಕ್ರೀಡಾಂಗಣದಲ್ಲಿ ಕೀಪರ್ ಕೂಗುವುದು, ಸ್ಲಿಪ್ಪಿನವರು ಕನ್ನಡದಲ್ಲಿ ಬೌಲರನಿಗೆ ಧೈರ್ಯ ಹೇಳುವುದು ಎಲ್ಲ ಕೇಳಿಸುತ್ತದೆ. ಟೀವಿ ಚೆಂಡನ್ನು ಹಿಂಬಾಲಿಸುತ್ತದೆ, ಸರಿ. ಚೆಂಡು ಇಲ್ಲದ ಕಡೆ ಏನಾಗುತ್ತಿದೆ? ನಾಯಕ ಮಿಡ್‌ವಿಕೆಟ್ಟನ್ನು ಎರಡು ಹೆಜ್ಜೆ ಹಿಂದೆ ಸರಿಸಿದ್ದು ಯಾಕೆ? ಅದನ್ನು ನೋಡಲು ಅಲ್ಲೇ ಇರಬೇಕು.

ನಮ್ಮವರು ಬರುತ್ತಿದ್ದ ಕಾಲವೂ ಇತ್ತು. 1974ರ ಮಾರ್ಚ್. ಹದಿನೈದು ವರ್ಷ ಒಂದೇ ಸಮನೆ ರಣಜಿ ಗೆದ್ದಿದ್ದ ಮುಂಬಯಿ ಸೆಮಿಫೈನಲಿಗೆ ಬೆಂಗಳೂರಿಗೆ ಬಂತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು ಐದು ತಿಂಗಳೂ ತುಂಬಿರಲಿಲ್ಲ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ನಮ್ಮದು 385. ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು, ವಾಡೇಕರ್ ರನೌಟಾದರು, ಮುಂಬಯಿ 307ಕ್ಕೆ ಮುಗಿಯಿತು. ಮನೆಮನೆಯಲ್ಲಿ ಟೀವಿ ಇಲ್ಲದ ಆ ಕಾಲದಲ್ಲಿ ನೋಡಬೇಕೆಂದರೆ ಮೈದಾನಕ್ಕೇ ಹೋಗಬೇಕು. ಅಂದು ಅಲ್ಲಿದ್ದವರು ಇವತ್ತಿಗೂ ಆ ಎಸೆತವನ್ನು ಕೈ ತಿರುಗಿಸಿ ತೋರಿಸುತ್ತಾರೆ.

ಟೀವಿ ಬಂದು ಎಷ್ಟೋ ವರ್ಷಗಳಾದ ಮೇಲೂ ಮೈಸೂರು ಅದನ್ನು ಮಾಡಿ ತೋರಿಸಿತು. 2010ರ ಸಂಕ್ರಾಂತಿಯ ದಿನ ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ ಮತ್ತೆ ಮುಂಬೈ, ಈ ಸಲ ಫೈನಲ್. ಗೆಲ್ಲಲು 338 ಬೇಕು. ಮನೀಶ್ ಪಾಂಡೆ 144 ಹೊಡೆದು ತಂಡವನ್ನು ದಡದ ಹತ್ತಿರ ತಂದರು. ಕೂರಲು ಜಾಗವಿಲ್ಲದೆ ಜನ ಮರ ಹತ್ತಿದ್ದರು. ಆರು ರನ್ನಿಗೆ ಸೋತೆವು. ಆ ಸೋಲನ್ನು ಕಂಡವರು ತಮ್ಮ ಮಕ್ಕಳಿಗೆ ಹೇಳುವಷ್ಟು ಆಸೆಯಿಂದ ಎಷ್ಟೋ ಗೆಲುವುಗಳನ್ನೂ ಯಾರೂ ಹೇಳುವುದಿಲ್ಲ.

ಕ್ರಿಕೆಟ್ಟಿನದೇ ಇಷ್ಟಾದರೆ ಉಳಿದ ಆಟಗಳ ಪಾಡೇನು? ರಾಜ್ಯಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1968-69ರಲ್ಲಿ ಗೆದ್ದ ಮೇಲೆ 54 ವರ್ಷ ಕಾದು, 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮರಳಿ ಪಡೆದೆವು. ಮರುದಿನ ಎಷ್ಟು ಕನ್ನಡ ಪತ್ರಿಕೆಗಳು ಅದನ್ನು ಮುಖಪುಟಕ್ಕೆ ತಂದವು ಎಂದು ನನ್ನ ವೃತ್ತಿಬಾಂಧವರು ತಮ್ಮನ್ನು ತಾವೇ ಕೇಳಿಕೊಳ್ಳಲಿ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡವಿದ್ದ ಊರಿದು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಗೆ ಪ್ರತಿಮೆ ನಿಲ್ಲಿಸಿದ ಊರಿದು. 2018ರ ಜೂನಿನಲ್ಲಿ ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ನೋಡಿದವರು ಎರಡೂವರೆ ಸಾವಿರ ಚಿಲ್ಲರೆ. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಕೈಮುಗಿದು ಕೇಳಿಕೊಂಡರು: ಬಯ್ಯಿರಿ, ಟೀಕಿಸಿ, ಆದರೆ ಬಂದು ನೋಡಿ ಎಂಬರ್ಥದಲ್ಲಿ. ಮುಂದಿನ ಪಂದ್ಯಕ್ಕೆ ಟಿಕೆಟ್ಟೇ ಉಳಿಯಲಿಲ್ಲ. ದೇಶದ ನಾಯಕ ಬೇಡಿಕೊಂಡ ಮೇಲೆ ಬಂದೆವು. ನಮ್ಮ ಸೂಪರ್ ಡಿವಿಜನ್ ಲೀಗಿನ ಹುಡುಗರ ಪರವಾಗಿ ಬೇಡಿಕೊಳ್ಳುವವರು ಯಾರು?

ಪ್ರೇಕ್ಷಕರಿಂದ ಆಟಕ್ಕೆ ಏನೂ ಆಗುವುದಿಲ್ಲ ಎನ್ನುವವರಿಗೆ ಕೊರೊನಾ ಕಾಲ ಉತ್ತರ ಕೊಟ್ಟಿದೆ. 2020ರ ಮೇ ತಿಂಗಳಲ್ಲಿ ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಶುರುವಾದಾಗ ತವರಿನ ತಂಡಗಳು ಗೆಲ್ಲುವುದು ಎದ್ದು ಕಾಣುವಷ್ಟು ಕಡಿಮೆಯಾಯಿತು. ಅವೇ ಆಟಗಾರರು, ಅವೇ ಮೈದಾನ, ಇಲ್ಲದ್ದು ಜನ ಮಾತ್ರ.

ನನಗೆ ಹೊಟ್ಟೆ ತುಂಬುವುದು ಕೊಡಗಿನ ಬೇಸಿಗೆಯಲ್ಲಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುಮಾಡಿದಾಗ 60 ತಂಡಗಳು. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ಪಿಗೆ 360 ಒಕ್ಕಗಳು, ಅಂದರೆ ಕೊಡವ ಮನೆತನಗಳು, ಬಂದು ಗಿನ್ನೆಸ್ ದಾಖಲೆಯಾಯಿತು. ಒಂದೇ ತಂಡದಲ್ಲಿ ಚಿಕ್ಕಪ್ಪ, ಸೊಸೆ, ಶಾಲೆಗೆ ಹೋಗುವ ಹುಡುಗಿ. ಗ್ಯಾಲರಿಯಲ್ಲಿ ಕೂತವರಿಗೆ ಅಂಕಣದಲ್ಲಿರುವವರೆಲ್ಲ ಮನೆಯ ಹೆಸರಿನಿಂದ ಗೊತ್ತು. 1980ರ ಮಾಸ್ಕೋ ಒಲಿಂಪಿಕ್ಸ್ ಹಾಕಿಯಲ್ಲಿ ಚಿನ್ನ ಗೆದ್ದ ಎಂ.ಎಂ. ಸೋಮಯ್ಯನವರಂಥವರನ್ನು ಆ ಪುಟ್ಟ ಜಿಲ್ಲೆ ಹೇಗೆ ಕೊಟ್ಟಿತೆಂದು ಬೆರಗಾಗುವವರು ಒಂದು ಮಧ್ಯಾಹ್ನ ಅಲ್ಲಿ ಹೋಗಿ ಕೂರಬೇಕು.

ಇನ್ನು ನಿಮ್ಮನ್ನು ಸ್ವಲ್ಪ ಗದರಿಸಲು ಅಪ್ಪಣೆ ಕೊಡಿ. ಪಿ.ಟಿ. ಪೀರಿಯಡ್ಡನ್ನು ಪೋರ್ಷನ್ ಮುಗಿಸಲೆಂದು ಗಣಿತಕ್ಕೂ ವಿಜ್ಞಾನಕ್ಕೂ ಎತ್ತಿಕೊಂಡವರು ಯಾರು? ನಿಮ್ಮಂಥ ಒಳ್ಳೆಯ ಮೇಷ್ಟ್ರುಗಳೇ! ಊರೂರಿನ ಮೈದಾನಗಳು ವಸ್ತುಪ್ರದರ್ಶನಕ್ಕೆ, ರಾಜಕೀಯ ಸಮಾವೇಶಕ್ಕೆ ಹೋದವು. ಗೂಟ ಹೊಡೆದ ಗುಂಡಿಗಳನ್ನು ಯಾರೂ ಮುಚ್ಚಲಿಲ್ಲ. ಆಟದ ಬಯಲೇ ಇಲ್ಲದ ಶಾಲೆಗಳಿಗೆ ಅನುಮತಿ ಸಿಕ್ಕಿತು. ಜಿಲ್ಲಾ ಕಬಡ್ಡಿಯ ಫಲಿತಾಂಶ ಪತ್ರಿಕೆಯ ಮೂಲೆಯಿಂದಲೂ ಮಾಯವಾಯಿತು. ಇಷ್ಟಾದರೂ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನಿಂದ ಚೈತ್ರಾ ಎಂಬ ಹುಡುಗಿ ಹೊರಟು 2025ರ ಜನವರಿಯಲ್ಲಿ ಖೋಖೋ ವಿಶ್ವಕಪ್ ಗೆದ್ದ ತಂಡದಲ್ಲಿ ಆಡುತ್ತಾಳೆ. ಆ ಊರಿನಲ್ಲಿ ಖೋಖೋ ಅಂಕಣದ ಸುತ್ತ ಜನ ನಿಲ್ಲುವುದನ್ನು ಬಿಡಲಿಲ್ಲ, ಅಷ್ಟೇ.

ಮೊಮ್ಮಗನ ವಿಷಯ. ನೂಕುನುಗ್ಗಲಿನ ಐಪಿಎಲ್ ಪಂದ್ಯಕ್ಕೆ ಅವನನ್ನು ಈಗಲೇ ಕರೆದೊಯ್ಯಿರಿ ಎಂದು ನಾನು ಹೇಳುವುದಿಲ್ಲ. ರಣಜಿ ಋತು ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಹುಬ್ಬಳ್ಳಿಯ ರಾಜನಗರಕ್ಕೋ ಶಿವಮೊಗ್ಗದ ನವುಲೆಗೋ ಪಂದ್ಯ ಬಂದರೆ ದಾವಣಗೆರೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಟೋಪಿ, ಊಟದ ಡಬ್ಬಿ ತೆಗೆದುಕೊಳ್ಳಿ, ನೆರಳಿರುವ ಕಡೆ ಕೂರಿ, ಊಟದ ವಿರಾಮದವರೆಗಾದರೂ ಹುಡುಗನ ಕೈಗೆ ಮೊಬೈಲ್ ಕೊಡಬೇಡಿ. ನೀರು, ಶೌಚಾಲಯ ಸರಿಯಿಲ್ಲದಿದ್ದರೆ ಅಲ್ಲೇ ಕಾಗದದ ಮೇಲೆ ದೂರು ಬರೆದುಕೊಟ್ಟು ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ. ಅಂದಿನ ಆಟದಲ್ಲಿ ಹುಡುಗ ಕಂಡದ್ದೇನೆಂದು ಅವನ ಕೈಯಲ್ಲೇ ಬರೆಸಿ ಕಳಿಸಿದರೆ ಅದಕ್ಕೂ ಜಾಗ ಇಟ್ಟಿರುತ್ತೇವೆ.

— ಸಂಪಾದಕ