ಉದ್ಘಾಟನೆಗೆ ನೂರು ಜನ, ದುರಸ್ತಿಗೆ ಒಬ್ಬ

ಪ್ರಿಯ ಓದುಗರೇ,

ನಿಮ್ಮ ಪತ್ರ ದೀರ್ಘವಾಗಿದೆ. ಅದರ ಸಾರವನ್ನು ಉಳಿದವರ ಅನುಕೂಲಕ್ಕಾಗಿ ಮೊದಲು ಹೇಳಿಬಿಡುತ್ತೇನೆ. ತಂತ್ರಜ್ಞಾನದ ಪತ್ರಿಕೆಯೆಂದು ಹೇಳಿಕೊಳ್ಳುವ ನಾವು ಕಳೆದ ಸಂಚಿಕೆಯ ಮುಖ್ಯ ಲೇಖನವನ್ನು ಕೋಬಾಲ್‌ನಂಥ ಹಳೆಯ ಕಂಪ್ಯೂಟರ್ ಭಾಷೆಗೆ ಮೀಸಲಿಟ್ಟು, ಅದೇ ತಿಂಗಳು ಹೊರಬಂದ ಕೃತಕ ಬುದ್ಧಿಮತ್ತೆಯ ಹೊಸ ಮಾದರಿಗಳನ್ನು ಅರ್ಧ ಕಾಲಮ್ಮಿನಲ್ಲಿ ಮುಗಿಸಿದ್ದು ನಿಮಗೆ ಸರಿಕಂಡಿಲ್ಲ. ನಾಳೆ ಏನಾಗುತ್ತದೆಂದು ತಿಳಿಯಲು ಪತ್ರಿಕೆ ಕೊಳ್ಳುತ್ತೇನೆಯೇ ಹೊರತು ವಸ್ತುಸಂಗ್ರಹಾಲಯ ನೋಡಲು ಅಲ್ಲ ಎಂದು ಬರೆದಿದ್ದೀರಿ. ಮುಂದಿನ ಹತ್ತು ವರ್ಷಗಳ ಪ್ರವೃತ್ತಿಗಳನ್ನು ಕುರಿತು ಕಾಯಂ ಅಂಕಣವೊಂದು ಬೇಕು ಎಂಬುದು ನಿಮ್ಮ ಬೇಡಿಕೆ. ತಂತ್ರಾಂಶ ಕ್ಷೇತ್ರದಲ್ಲೇ ದುಡಿಯುವವರೆಂದು ನೀವು ಪರಿಚಯಿಸಿಕೊಂಡಿರುವುದರಿಂದ ಉತ್ತರವನ್ನು ಸ್ವಲ್ಪ ಸಲಿಗೆಯಿಂದಲೇ ಬರೆಯುತ್ತಿದ್ದೇನೆ.

ನಿಮ್ಮ ಮಾತಿನಲ್ಲಿ ನಿಜವಿಲ್ಲವೆಂದು ನಾನು ಹೇಳಲಾರೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬರೆಯುವ, ಓದುವ, ಕೋಡ್ ಕಟ್ಟುವ ಕೆಲಸಗಳ ರೀತಿ ಬದಲಾಗಿರುವುದು ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಪ್ರೋಟೀನುಗಳ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್‌ನ ಕೆಲಸಕ್ಕೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಪ್ರಚಾರದ ಬಲದಿಂದಲ್ಲ. ಇಂಥವನ್ನು ನಾವು ಇನ್ನೂ ವಿವರವಾಗಿ ಬರೆಯಬೇಕು, ಬರೆಯುತ್ತೇವೆ. ಆದರೆ ನೀವು ಕೇಳಿದ್ದು ಆಗಿಹೋದದ್ದರ ವಿವರವನ್ನಲ್ಲ, ಆಗಲಿರುವುದರ ವರ್ಣನೆಯನ್ನು. ನನ್ನ ತಕರಾರು ಇರುವುದೇ ಅಲ್ಲಿ.

1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದ ವಿದ್ವಾಂಸರು, ಆಯ್ದ ಕೆಲವರು ಒಂದು ಬೇಸಿಗೆ ಕೂಡಿ ದುಡಿದರೆ ಯಂತ್ರಕ್ಕೆ ಬುದ್ಧಿ ಕಲಿಸುವ ದಾರಿಯಲ್ಲಿ ಗಣನೀಯ ಪ್ರಗತಿ ಸಾಧ್ಯವೆಂದು ತಮ್ಮ ಪ್ರಸ್ತಾವದಲ್ಲಿ ಬರೆದಿದ್ದರು. ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಇಪ್ಪತ್ತು ವರ್ಷಗಳೊಳಗೆ ಯಂತ್ರ ಮಾಡಬಲ್ಲದೆಂದು ಆ ಕ್ಷೇತ್ರದ ಆದಿಗರಲ್ಲೊಬ್ಬರಾದ ಹರ್ಬರ್ಟ್ ಸೈಮನ್ ಹೇಳಿದ್ದು 1965ರಲ್ಲಿ. ಇವರು ಯಾರೂ ಸಾಮಾನ್ಯರಲ್ಲ. ಸೈಮನ್‌ಗೆ ಮುಂದೆ ಅರ್ಥಶಾಸ್ತ್ರದ ನೊಬೆಲ್ ಬಂತು. 2016ರಲ್ಲಿ, ಇಂದಿನ ಕೃತಕ ಬುದ್ಧಿಮತ್ತೆಗೆ ಬುನಾದಿ ಹಾಕಿದವರಲ್ಲೊಬ್ಬರಾದ ಜೆಫ್ರಿ ಹಿಂಟನ್, ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸುವುದು ಒಳ್ಳೆಯದು, ಐದು ವರ್ಷಗಳಲ್ಲಿ, ತಡವಾದರೆ ಹತ್ತರಲ್ಲಿ, ಯಂತ್ರವೇ ಅವರಿಗಿಂತ ಚೆನ್ನಾಗಿ ಎಕ್ಸ್‌ರೇ ನೋಡುತ್ತದೆ ಎಂದರು. ಅವರಿಗೂ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು, ರೇಡಿಯಾಲಜಿಸ್ಟರೂ ಕೆಲಸದಲ್ಲಿ ಉಳಿದರು. ಅದೇ 2016ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್, ಮರುವರ್ಷ ಮುಗಿಯುವುದರೊಳಗೆ ತಮ್ಮ ಕಾರೊಂದು ಯಾರೂ ಸ್ಟೀರಿಂಗ್ ಮುಟ್ಟದೆ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ ಹೋಗುತ್ತದೆಂದು ಹೇಳಿದ್ದರು. ಹೋಗಲಿಲ್ಲ. 2019ರಲ್ಲಿ ಅವರು ಹತ್ತು ಲಕ್ಷ ರೋಬೋ ಟ್ಯಾಕ್ಸಿಗಳನ್ನು ಅದರ ಮುಂದಿನ ವರ್ಷಕ್ಕೇ ಸಿದ್ಧಮಾಡುವ ಮಾತಾಡಿದರು. ಹಿಂದಿನ ಮಾತಿನ ಗತಿ ಏನಾಯಿತೆಂದು ಕೇಳುವ ತಾಳ್ಮೆ ಸುದ್ದಿಮನೆಗಳಿಗೆ ಇರಲಿಲ್ಲ.

ಈ ಸಾಲಿನಲ್ಲಿ ನನಗೆ ನಿಜವಾಗಿ ಇಷ್ಟವಾಗುವ ಒಬ್ಬರಿದ್ದಾರೆ. ಕಂಪ್ಯೂಟರುಗಳನ್ನು ಪರಸ್ಪರ ಜೋಡಿಸುವ ಈಥರ್‌ನೆಟ್‌ನ ಜನಕರಲ್ಲೊಬ್ಬರಾದ ರಾಬರ್ಟ್ ಮೆಟ್‌ಕಾಫ್ 1995ರ ಡಿಸೆಂಬರ್‌ನಲ್ಲಿ 'ಇನ್ಫೋವರ್ಲ್ಡ್' ಪತ್ರಿಕೆಯ ತಮ್ಮ ಅಂಕಣದಲ್ಲಿ, 1996ರಲ್ಲಿ ಇಂಟರ್‌ನೆಟ್ ಕುಸಿದುಬೀಳುತ್ತದೆಂದು ಬರೆದರು. ಬೀಳದಿದ್ದರೆ ನನ್ನ ಮಾತನ್ನು ನಾನೇ ತಿನ್ನುತ್ತೇನೆ ಎಂದೂ ಹೇಳಿದರು. ಬೀಳಲಿಲ್ಲ. 1997ರಲ್ಲಿ ವರ್ಲ್ಡ್ ವೈಡ್ ವೆಬ್ ಸಮ್ಮೇಳನದ ವೇದಿಕೆಯ ಮೇಲೆ, ತುಂಬಿದ ಸಭೆಯ ಮುಂದೆ, ಆ ಅಂಕಣದ ಹಾಳೆಯನ್ನು ಮಿಕ್ಸಿಗೆ ಹಾಕಿ ನೀರಿನೊಂದಿಗೆ ರುಬ್ಬಿ ಕುಡಿದರು. ಭವಿಷ್ಯ ನುಡಿಯುವವರೆಲ್ಲರೂ ಈ ಶಿಸ್ತಿಗೆ ಒಳಪಟ್ಟಿದ್ದರೆ ನಿಮ್ಮ ಅಂಕಣವನ್ನು ನಾನು ನಾಳೆಯೇ ಆರಂಭಿಸುತ್ತಿದ್ದೆ.

ಆದರೆ ಉದ್ಯಮದ ಭವಿಷ್ಯವಾಣಿಗಳಿಗೆ ಲೆಕ್ಕ ಒಪ್ಪಿಸುವ ದಿನವೆಂಬುದೇ ಇಲ್ಲ, ಏಕೆಂದರೆ ಅವು ಮುನ್ಸೂಚನೆಗಳಲ್ಲ, ಮಾರಾಟದ ಮಾತುಗಳು. ಅವುಗಳ ಕೆಲಸ ನಿಜವಾಗುವುದಲ್ಲ, ಹೇಳಿದ ದಿನ ಷೇರಿನ ಬೆಲೆಯನ್ನು ಎತ್ತಿ ನಿಲ್ಲಿಸುವುದು. 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಾಗ, ಇನ್ನು ಮುಂದೆ ನಾವೆಲ್ಲ ಕನ್ನಡಕ ತೊಟ್ಟು ಮಾಯಾಲೋಕದಲ್ಲೇ ಸಭೆ ನಡೆಸುತ್ತೇವೆಂದು ಪುಟಗಟ್ಟಲೆ ಬರೆದ ಪತ್ರಿಕೆಗಳೆಷ್ಟು! ಆ ಮಾಯಾಲೋಕ ಕಟ್ಟುತ್ತಿದ್ದ ಮೆಟಾದ ವಿಭಾಗ 2022ರಿಂದ 2024ರವರೆಗಿನ ಮೂರೇ ವರ್ಷಗಳಲ್ಲಿ 4,500 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತು. ಆ ಸುದ್ದಿ ವಾಣಿಜ್ಯ ಪುಟದ ಮೂಲೆ ಸೇರಿತು. ನಿರೀಕ್ಷೆಯ ಮೇಲೆ ಎಷ್ಟು ದುಡ್ಡು ಕೂತಿದೆ ಎಂಬುದು 2025ರ ಜನವರಿ 27ರಂದು ಬಯಲಾಯಿತು. ಡೀಪ್‌ಸೀಕ್ ಎಂಬ ಚೀನೀ ಸಂಸ್ಥೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಮಾದರಿ ಕಟ್ಟಿದೆ ಎಂಬ ಸುದ್ದಿಗೆ, ಕೃತಕ ಬುದ್ಧಿಮತ್ತೆಗೆ ಬೇಕಾದ ಚಿಪ್ ಮಾರುವ ಎನ್‌ವಿಡಿಯಾದ ಮಾರುಕಟ್ಟೆ ಮೌಲ್ಯ ಒಂದೇ ದಿನ ಸುಮಾರು 59,000 ಕೋಟಿ ಡಾಲರಿನಷ್ಟು ಕರಗಿತು. ಆ ಬೆಳಗ್ಗೆ ಯಾವ ಕಾರ್ಖಾನೆಯೂ ಮುಚ್ಚಿರಲಿಲ್ಲ, ಯಾವ ಚಿಪ್ಪೂ ಕೆಟ್ಟಿರಲಿಲ್ಲ.

ಒಮ್ಮೆ ದೊಡ್ಡ ಕಂಪನಿಯೊಂದರ ಹೊಸ ಉಪಕರಣದ ಬಿಡುಗಡೆ ಸಮಾರಂಭದಲ್ಲಿ, ಹಿಂದಿನ ವರ್ಷ ಇದೇ ವೇದಿಕೆಯಿಂದ ಘೋಷಿಸಿದ್ದ ಉಪಕರಣ ಏನಾಯಿತೆಂದು ಕೇಳಿದೆ. ಅದನ್ನು ನೋಡಿಕೊಳ್ಳುವ ತಂಡ ಬೇರೆ ಎಂದರು. ಆ ತಂಡದವರನ್ನು ಭೇಟಿ ಮಾಡಿಸಿ ಎಂದಾಗ ಸಿಕ್ಕ ಉತ್ತರ, ಆ ತಂಡ ಈಗ ಇಲ್ಲ ಎಂಬುದು. ಪಕ್ಕದಲ್ಲಿ ಕೂತಿದ್ದ ವರದಿಗಾರರು ನನ್ನನ್ನು ಮದುವೆಮನೆಯಲ್ಲಿ ಸಾವಿನ ವಿಚಾರ ತೆಗೆದವನಂತೆ ನೋಡಿದರು.

ಈಗ ನಿಮಗೆ ಬೇಸರ ತರಿಸಿದ ಹಳೆಯ ಸರಕಿನ ವಿಷಯಕ್ಕೆ ಬರುತ್ತೇನೆ. ಕೋಬಾಲ್ ಹುಟ್ಟಿದ್ದು 1959ರಲ್ಲಿ, ನಿಜ. ಆದರೆ 2020ರ ಏಪ್ರಿಲ್‌ನಲ್ಲಿ ಸಾಂಕ್ರಾಮಿಕದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಪ್ರವಾಹದಂತೆ ಬಂದಾಗ, ಅವನ್ನು ನಿಭಾಯಿಸುವ ಹಳೆಯ ಕಂಪ್ಯೂಟರುಗಳು ಆ ಭಾಷೆಯಲ್ಲೇ ನಡೆಯುತ್ತಿದ್ದುದರಿಂದ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೋಬಾಲ್ ಬಲ್ಲವರು ನೆರವಿಗೆ ಬನ್ನಿ ಎಂದು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಹಸಿದವರಿಗೆ ಭತ್ಯೆ ಮುಟ್ಟಿಸುವ ದಾರಿ ಆ ವಸ್ತುಸಂಗ್ರಹಾಲಯದ ಮೂಲಕವೇ ಹಾದುಹೋಗುತ್ತಿತ್ತು.

ಓಪನ್‌ಎಸ್‌ಎಸ್‌ಎಲ್‌ನ ಕತೆ ನಿಮಗೆ ಗೊತ್ತಿರಬೇಕು, ಆದರೂ ಹೇಳುತ್ತೇನೆ. ಬ್ಯಾಂಕಿನ ಪುಟ ತೆರೆದಾಗ ಕಾಣುವ ಬೀಗದ ಗುರುತಿನ ಹಿಂದೆ ದುಡಿಯುವ ತಂತ್ರಾಂಶಗಳಲ್ಲಿ ಅದು ಮುಖ್ಯವಾದದ್ದು. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಗಿ, ಲಕ್ಷಾಂತರ ಸರ್ವರ್‌ಗಳ ನೆನಪಿನೊಳಗಿನ ಗುಟ್ಟುಗಳನ್ನು ಯಾರು ಬೇಕಾದರೂ ಕದ್ದು ಓದಬಹುದಾಗಿತ್ತೆಂದು ತಿಳಿದಾಗ, ಜಗತ್ತು ಮೊದಲ ಬಾರಿಗೆ ಅದರ ಹಿಂದಿನ ಜನರನ್ನು ಹುಡುಕಿತು. ಪೂರ್ಣಾವಧಿಗೆ ದುಡಿಯುತ್ತಿದ್ದವರು ಒಬ್ಬರು. ಅದರ ಪ್ರತಿಷ್ಠಾನಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಅದನ್ನು ಪುಕ್ಕಟೆ ಬಳಸುತ್ತಿದ್ದ ಕಂಪನಿಗಳು ಹೆದರಿಕೆಯಿಂದ ಕೈಬಿಚ್ಚಿದ್ದು ಆಮೇಲೆ. 2021ರ ಡಿಸೆಂಬರ್‌ನಲ್ಲಿ ತಂತ್ರಾಂಶಗಳೊಳಗೆ ನಡೆದದ್ದನ್ನು ದಾಖಲಿಸಿಡುವ ಲಾಗ್4ಜೆ ಎಂಬ ಸಾಧನದಲ್ಲಿ ಸಿಕ್ಕ ದೋಷದ ವಿಷಯದಲ್ಲೂ ಇದೇ ನಾಟಕ ನಡೆಯಿತು. ಅಪಾಯದ ಮಾಪನದಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದ ಆ ದೋಷವನ್ನು ನಿದ್ದೆಗೆಟ್ಟು ಸರಿಪಡಿಸಿದವರು ಬಿಡುವಿನ ವೇಳೆಯಲ್ಲಿ ಆ ಕೆಲಸ ಮಾಡುತ್ತಿದ್ದ ಕೆಲವೇ ಸ್ವಯಂಸೇವಕರು.

ಎಕ್ಸ್‌ಜೆಡ್ ಪ್ರಸಂಗವಂತೂ ನನ್ನನ್ನು ಇನ್ನೂ ಬಿಟ್ಟಿಲ್ಲ. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ಸಾಧನ ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಬಹುತೇಕ ಎಲ್ಲ ಆವೃತ್ತಿಗಳಲ್ಲೂ ಇದೆ. ವರ್ಷಗಳಿಂದ ಅದನ್ನು ನೋಡಿಕೊಂಡು ಬಂದವರು ಲಾಸ್ಸೆ ಕಾಲಿನ್ ಎಂಬ ಒಬ್ಬರೇ ವ್ಯಕ್ತಿ. 2022ರಲ್ಲಿ ಅಪರಿಚಿತರು ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಅವರನ್ನು ಪೀಡಿಸತೊಡಗಿದರು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದೂ ಅವರು ಎಲ್ಲರಿಗೂ ಕಾಣುವಂತೆಯೇ ಬರೆದರು. ಜಿಯಾ ತಾನ್ ಎಂಬ ಹೆಸರಿನಲ್ಲಿ ನೆರವಿಗೆ ಬಂದ ವ್ಯಕ್ತಿ, ಅಥವಾ ವ್ಯಕ್ತಿಗಳು, ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ದುಡಿದು ನಂಬಿಕೆ ಗಳಿಸಿ, 2024ರ ಫೆಬ್ರವರಿಯ ಆವೃತ್ತಿಯಲ್ಲಿ ದೂರದಿಂದ ಯಂತ್ರದೊಳಗೆ ನುಸುಳಲು ಕಳ್ಳಬಾಗಿಲೊಂದನ್ನು ಹುದುಗಿಸಿದರು. ಅದನ್ನು ಪತ್ತೆ ಹಚ್ಚಿದ್ದು ಭದ್ರತಾ ಸಂಸ್ಥೆಯಲ್ಲ, ಗುಪ್ತಚರ ಇಲಾಖೆಯೂ ಅಲ್ಲ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಡೇಟಾಬೇಸ್‌ನ ವೇಗವನ್ನು ಅಳೆಯುತ್ತಿದ್ದಾಗ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಗಮನಿಸಿದರು; ಗಮನಿಸಿ ಸುಮ್ಮನಾಗಲಿಲ್ಲ. ಆ ಆವೃತ್ತಿ ಎಲ್ಲೆಡೆ ಹರಡುವ ಮೊದಲೇ, ಮಾರ್ಚ್ 29ರಂದು, ವಿಷಯ ಬಹಿರಂಗವಾಯಿತು. ಅರ್ಧ ಸೆಕೆಂಡಿಗೆ ಕಿವಿ ನಿಮಿರಿಸುವ ಮನುಷ್ಯನನ್ನು ಯಾವ ಪ್ರವೃತ್ತಿ ವರದಿಯಲ್ಲಿ ಸೇರಿಸುತ್ತೀರಿ, ಹೇಳಿ.

ಕೃತಕ ಬುದ್ಧಿಮತ್ತೆ ಈ ಕೆಲಸವನ್ನೂ ಹಗುರಮಾಡುತ್ತದಲ್ಲ ಎಂದು ನೀವು ಕೇಳಬಹುದು. ಕೆಲವೆಡೆ ಮಾಡುತ್ತಿದೆ. ಆದರೆ 1998ರಿಂದ ಜಾಲದಲ್ಲಿ ಮಾಹಿತಿ ತರುವ, ಕಳಿಸುವ ಕರ್ಲ್ ಎಂಬ ಸಾಧನವನ್ನು ಕಾಪಾಡಿಕೊಂಡು ಬಂದಿರುವ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್, ಚಾಟ್‌ಬಾಟ್‌ಗಳಿಂದ ಬರೆಸಿದ ಹುಸಿ ದೋಷವರದಿಗಳನ್ನು ಓದಿ ತಳ್ಳಿಹಾಕುವುದರಲ್ಲೇ ತಂಡದ ಸಮಯ ಹಾಳಾಗುತ್ತಿದೆ ಎಂದು ಮತ್ತೆ ಮತ್ತೆ ದೂರಿದ್ದಾರೆ. ವರದಿ ಬರೆಯುವುದು ಸಲೀಸಾಯಿತು, ಪರೀಕ್ಷಿಸುವ ಹೊರೆ ಮಾತ್ರ ಆ ನಾಲ್ಕಾರು ಜನರ ಮೇಲೆಯೇ ಉಳಿಯಿತು. ನೀವು ಕೇಳುವ ಅಂಕಣದಲ್ಲಿ ಮೊದಲ ಅರ್ಧ ಬರುತ್ತದೆ, ಎರಡನೆಯದು ಬರುವುದಿಲ್ಲ.

ಇದು ಬರಿಯ ಬಡ ಸ್ವಯಂಸೇವಕರ ಗೋಳೆಂದೂ ತಿಳಿಯಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಿರಿವಂತ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್, ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ವಿಮಾನಗಳು ನಿಂತವು, ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಅಪ್‌ಡೇಟ್ ಅನ್ನು ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ ನೋಡುವ ಹಳೆಯ, ನೀರಸ ಕ್ರಮವನ್ನು ಪಾಲಿಸಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ.

ನೀರಸವಾದದ್ದಕ್ಕೆ ಈ ಉದ್ಯಮದಲ್ಲಿ ಬಡ್ತಿಯಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೊಸದನ್ನು ಬಿಡುಗಡೆ ಮಾಡಿದವನ ಹೆಸರು ಸಭೆಯಲ್ಲಿ ಕೇಳಿಬರುತ್ತದೆ. ಮೂರು ವರ್ಷ ಒಂದೂ ಅವಘಡವಾಗದಂತೆ ಸರ್ವರ್ ಕಾಯ್ದವಳು ಏನೂ ಮಾಡಲಿಲ್ಲವೆಂದೇ ಲೆಕ್ಕ. ವೆಚ್ಚ ಕಡಿತದ ಕತ್ತರಿ ಮೊದಲು ಬೀಳುವುದೂ ಅಂಥವರ ಮೇಲೆಯೇ. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದರಿಂದ ಹುಟ್ಟಿದ 2000ನೇ ಇಸವಿಯ ದೋಷವನ್ನು ವರ್ಷಗಟ್ಟಲೆ ಕೂತು ತಿದ್ದಿದವರಿಗೆ ಸಿಕ್ಕ ಬಹುಮಾನವಾದರೂ ಏನು? ಏನೂ ಆಗಲಿಲ್ಲವಲ್ಲ, ಸುಮ್ಮನೆ ಹೆದರಿಸಿದರು ಎಂಬ ಕುಹಕ. ನಮ್ಮ ಪತ್ರಿಕೋದ್ಯಮವೂ ಈ ಪಾಪದಲ್ಲಿ ಪಾಲುದಾರ. ಕಂಪನಿ ಕಳಿಸಿದ ಪ್ರಕಟಣೆಯ ಕ್ರಿಯಾಪದಗಳನ್ನಷ್ಟೇ ಬದಲಿಸಿ ವರದಿಯೆಂದು ಅಚ್ಚು ಹಾಕುವುದು, ಮಾರುವವನನ್ನೇ ದಾರ್ಶನಿಕನೆಂದು ಸಂದರ್ಶಿಸುವುದು, ಕೋಡಿಂಗ್ ಕಲಿಯಿರಿ ಎಂದು ಒಂದು ವರ್ಷ, ಕೋಡಿಂಗ್ ಸತ್ತಿತು ಎಂದು ಇನ್ನೊಂದು ವರ್ಷ ಎಳೆಯರನ್ನು ಅತ್ತಿಂದಿತ್ತ ಓಡಿಸುವುದು. ಆ ಮಾತು ನಂಬಿ ಓದಿನ ವಿಷಯ ಬದಲಿಸಿದ ಹುಡುಗ ಹುಡುಗಿಯರಿಗೆ ಯಾವ ಸಂಪಾದಕ ಉತ್ತರ ಕೊಡುತ್ತಾನೆ?

ಇಷ್ಟಾಗಿಯೂ ನಿಮಗೆ ಭವಿಷ್ಯವೇ ಬೇಕೆಂದರೆ, ದಿನಾಂಕ ಸಹಿತ ಹೇಳಬಲ್ಲದ್ದು ಒಂದಿದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದಿರುವ ಹಳೆಯ 32 ಬಿಟ್ ಗಡಿಯಾರಗಳು, ಅಂದರೆ 32 ದ್ವಿಮಾನ ಅಂಕಿಗಳಷ್ಟೇ ಜಾಗವಿರುವ ಕಂಪ್ಯೂಟರಿನೊಳಗಿನ ಎಣಿಕೆಗಳು, ತಮ್ಮ ಮಿತಿಯಾದ 2,14,74,83,647ಕ್ಕೆ ತಲುಪಿ, 2038ರ ಜನವರಿ 19ರಂದು, ಜಾಗತಿಕ ಸಮಯ 3 ಗಂಟೆ 14 ನಿಮಿಷ 7 ಸೆಕೆಂಡಿನ ನಂತರ, ಇದ್ದಕ್ಕಿದ್ದಂತೆ 1901ರ ಡಿಸೆಂಬರ್‌ಗೆ ಹಿಂದಿರುಗುತ್ತವೆ. ಯಾವ ಹೂಡಿಕೆದಾರನ ಉತ್ಸಾಹವೂ ಇದನ್ನು ಒಂದು ಸೆಕೆಂಡ್ ಹಿಂದೆ ಮುಂದೆ ಮಾಡಲಾರದು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ 32 ಬಿಟ್ ಯಂತ್ರಗಳಿಗೂ ಪರಿಹಾರ ಸಿದ್ಧವಾದದ್ದು 2020ರಲ್ಲಿ, ಲಿನಕ್ಸ್‌ನ ಒಂದು ಆವೃತ್ತಿಯನ್ನು ಕಟ್ಟುವ ಡೆಬಿಯನ್ ತಂಡ ತನ್ನ ಸಾವಿರಾರು ಪ್ಯಾಕೇಜುಗಳನ್ನು ಈ ಬದಲಾವಣೆಗೆ ಒಳಪಡಿಸಿದ್ದು 2024ರಲ್ಲಿ. ಇನ್ನೂ ಕಷ್ಟವಿರುವುದು ಗೋಡೆಯೊಳಗೆ, ಯಂತ್ರದೊಳಗೆ ಒಮ್ಮೆ ಕೂರಿಸಿ ಮರೆತುಬಿಟ್ಟ ನಿಯಂತ್ರಕಗಳಲ್ಲಿ. ಪ್ರತಿ ಸ್ಮಾರ್ಟ್‌ಫೋನಿನಲ್ಲೂ ಇರುವ ಎಸ್‌ಕ್ಯೂಲೈಟ್ ಡೇಟಾಬೇಸನ್ನು ಕಟ್ಟಿದವರು ಅದನ್ನು 2050ರವರೆಗೆ ನೋಡಿಕೊಳ್ಳುವ ಉದ್ದೇಶವಿದೆ ಎಂದು ಲಿಖಿತವಾಗಿ ಹೇಳಿದ್ದಾರೆ. ಮುಂದಿನ ಕಾಲವನ್ನು ಕುರಿತು ಉದ್ಯಮದಲ್ಲಿ ಕೇಳಿಬಂದ ಮಾತುಗಳಲ್ಲಿ ನಾನು ನಂಬುವುದು ಇಂಥವನ್ನು.

ಆದ್ದರಿಂದ ನಿಮ್ಮ ಬೇಡಿಕೆಯನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅಂಕಣ ಬರುತ್ತದೆ, ಆದರೆ ಅದರಲ್ಲಿ ಪ್ರತಿ ಬಾರಿ ಐದು ಅಥವಾ ಹತ್ತು ವರ್ಷ ಹಿಂದಿನ ಒಂದು ಘೋಷಣೆಯನ್ನು ತೆಗೆದುಕೊಂಡು, ಹೇಳಿದವರು ಯಾರು, ಆದದ್ದು ಏನು, ದುಡ್ಡು ಯಾರಿಗೆ ಹೋಯಿತು ಎಂದು ನೋಡುತ್ತೇವೆ. ಅಷ್ಟರಲ್ಲಿ ನೀವೊಂದು ಕೆಲಸ ಮಾಡಿಕೊಡಿ. ನಿಮ್ಮ ಸಂಸ್ಥೆಯ ಯಾವ ಯಾವ ವ್ಯವಸ್ಥೆಗಳು ಇನ್ನೂ 32 ಬಿಟ್ ಗಡಿಯಾರದ ಮೇಲೆ ನಡೆಯುತ್ತಿವೆ, ಅವುಗಳನ್ನು ಬಲ್ಲವರು ಎಷ್ಟು ಜನ ಉಳಿದಿದ್ದಾರೆ, ಅವರಲ್ಲಿ ನಿವೃತ್ತಿಗೆ ಹತ್ತಿರವಿರುವವರು ಎಷ್ಟು ಎಂಬುದನ್ನು ವಿಚಾರಿಸಿ ಬರೆಯಿರಿ. ಕಂಪನಿಯ ಹೆಸರು ಬೇಡ. ಪತ್ರ ಎಷ್ಟೇ ಉದ್ದವಿದ್ದರೂ ಅದನ್ನು ಮೊಟಕುಗೊಳಿಸದೆ ಅಚ್ಚು ಹಾಕುತ್ತೇವೆ.

— ಸಂಪಾದಕ