ಇಸಿಜಿ ನಾರ್ಮಲ್ ಇದ್ದರೆ ಮಗ ಆಡಬಹುದೇ?

ಪ್ರಶ್ನೆ: ಮಗನಿಗೆ 15 ವರ್ಷ, ಫುಟ್‌ಬಾಲ್ ಆಡುತ್ತಾನೆ. ಅಭ್ಯಾಸದಲ್ಲಿ ಓಡುತ್ತಿದ್ದಾಗಲೇ ಎಚ್ಚರ ತಪ್ಪಿ ಬಿದ್ದ, ಸ್ವಲ್ಪ ಹೊತ್ತಿಗೆ ತಾನೇ ಎದ್ದ. ಇಸಿಜಿ ನಾರ್ಮಲ್ ಬಂದಿದೆ. ಬಿಸಿಲಿಗೆ ಹಾಗಾಗಿರಬೇಕು ಎನ್ನುತ್ತಾರೆ ಕೋಚ್. ಆಟಕ್ಕೆ ಕಳಿಸಬಹುದೇ?

ಉತ್ತರ: ಸದ್ಯಕ್ಕೆ ಖಂಡಿತ ಬೇಡ. ಓಟ ಮುಗಿಸಿ ನಿಂತ ಮೇಲೆ ಕಣ್ಣು ಕತ್ತಲೆ ಬರುವುದು ಹೆಚ್ಚಾಗಿ ಅಪಾಯವಲ್ಲ. ರಕ್ತ ಕಾಲಿಗೆ ಇಳಿದು ಬಿಪಿ ಕುಸಿದಿರುತ್ತದೆ. ಓಡುತ್ತಿರುವಾಗಲೇ ಬೀಳುವುದು ಬೇರೆಯೇ ಮಾತು. ಹೃದಯದ ತೊಂದರೆ ಅಲ್ಲವೆಂದು ಖಾತ್ರಿಯಾಗುವ ತನಕ ಆಟ, ಓಟ, ಈಜು ಎಲ್ಲವನ್ನೂ ನಿಲ್ಲಿಸಿ.

ಮಲಗಿಸಿ ತೆಗೆದ ಇಸಿಜಿಯಲ್ಲಿ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ, ಹೃದಯದ ವಿದ್ಯುತ್ ದೋಷಗಳಾದ ಲಾಂಗ್ ಕ್ಯೂಟಿ, ಡಬ್ಲ್ಯೂಪಿಡಬ್ಲ್ಯೂ ಇವುಗಳ ಸುಳಿವು ಬಹಳಷ್ಟು ಸಲ ಸಿಗುತ್ತದೆ. ಸಿಗದಿರುವುದು ಮುಖ್ಯವಾಗಿ ಎರಡು. ಕರೊನರಿ ರಕ್ತನಾಳ ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಹೊರಟು ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳ ನಡುವೆ ಹಾದಿದ್ದರೆ, ಜೋರಾಗಿ ಓಡುವಾಗ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಹೋಗಬಹುದು. ಕೂತಾಗ ಏನೂ ತೋರದು. ಇನ್ನೊಂದು ಸಿಪಿವಿಟಿ. ಇದರಲ್ಲಿ ಶ್ರಮ ಅಥವಾ ಗಾಬರಿಯಾದಾಗ ಮಾತ್ರ ಬಡಿತ ಹಳಿ ತಪ್ಪುತ್ತದೆ. ಆದ್ದರಿಂದ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಕರೊನರಿಗಳು ಹೊರಡುವ ಜಾಗ ಕಂಡಿತೇ ಎಂದು ಬಾಯಿಬಿಟ್ಟು ಕೇಳಿ. ಟ್ರೆಡ್‌ಮಿಲ್ ಪರೀಕ್ಷೆ ಹುಡುಗ ಪೂರ್ತಿ ದಣಿಯುವವರೆಗೆ ನಡೆಯಲಿ. ಅನುಮಾನ ಉಳಿದರೆ ಸಿಟಿ ಅಥವಾ ಎಂಆರ್‌ಐ.

ವೈದ್ಯರಿಗೆ ಇವನ್ನೂ ಹೇಳಿ: ಮನೆತನದಲ್ಲಿ 50ರೊಳಗೆ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರೆಯೇ, ಈಜು ಬಲ್ಲವರು ನೀರಿನಲ್ಲಿ ಮುಳುಗಿದ್ದಾರೆಯೇ, ಹುಡುಗನಿಗೆ ಈಚೆಗೆ ಜ್ವರ ಬಂದಿತ್ತೇ? ವೈರಸ್ ಸೋಂಕು ಹೃದಯದ ಸ್ನಾಯುವಿಗೂ ತಗಲಬಹುದು. ಜ್ವರವಿದ್ದಾಗ ಮೈದಾನಕ್ಕೆ ಇಳಿಸಲೇಬಾರದು.

ಪ್ರಶ್ನೆ: ನಮ್ಮ ಕ್ಲಬ್ಬಿಗೆ ಎಇಡಿ (ಹೃದಯ ನಿಂತಾಗ ಶಾಕ್ ಕೊಡುವ ಯಂತ್ರ) ತರಿಸಿದ್ದೇವೆ. ಎಲ್ಲಿಡಬೇಕು, ಆಟಗಾರ ಬಿದ್ದರೆ ಏನು ಮಾಡಬೇಕು?

ಉತ್ತರ: ಬೀಗ ಹಾಕುವ ಕೋಣೆಯಲ್ಲಿ ಇಡಬೇಡಿ. ಬಿದ್ದ 3 ನಿಮಿಷದೊಳಗೆ ಮೊದಲ ಶಾಕ್ ಸಿಗುವಷ್ಟು ಹತ್ತಿರವಿರಲಿ. ಮೊದಲೇ ಒಮ್ಮೆ ಓಡಿ ಹೋಗಿ ತಂದು ಎಷ್ಟು ಸಮಯ ಹಿಡಿಯುತ್ತದೆಂದು ನೋಡಿಕೊಳ್ಳಿ.

ಯಾರೂ ತಾಗದೆ ಆಟಗಾರ ಕುಸಿದು, ಕರೆದರೆ ಓಗೊಡದಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಕೈಕಾಲು ಅದುರುವುದನ್ನು ಮೂರ್ಛೆರೋಗವೆಂದೂ, ಗೊರಗೊರ ಏದುಸಿರನ್ನು ಉಸಿರಾಟವೆಂದೂ ಭಾವಿಸಿ ಕಾಯುತ್ತಾರೆ. ಜೀವ ಹೋಗುವುದು ಅಲ್ಲೇ. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಲಿ, ಒಬ್ಬರು ಎಇಡಿ ತರಲಿ, ನೀವು ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರಂತೆ ಒತ್ತುತ್ತಿರಿ. ಎಇಡಿ ಬಂದೊಡನೆ ಬೆವರು ಒರೆಸಿ ಅದರ ಒಂದು ಪ್ಯಾಡ್ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಅಂಟಿಸಿ. ಒದ್ದೆ ಮೈಗೆ ಪ್ಯಾಡ್ ಕೂರದು. ಶಾಕ್ ಕೊಟ್ಟೊಡನೆ ನಾಡಿ ಹುಡುಕುತ್ತ ನಿಲ್ಲದೆ ಮತ್ತೆ ಒತ್ತಿ, 2 ನಿಮಿಷಕ್ಕೆ ಯಂತ್ರವೇ ಮತ್ತೆ ಪರೀಕ್ಷಿಸುತ್ತದೆ. 2021ರ ಯೂರೋ ಕಪ್‌ನಲ್ಲಿ ಕುಸಿದ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಉಳಿದದ್ದು ಮೈದಾನದಲ್ಲೇ ನಡೆದ ಈ ಆರೈಕೆಯಿಂದ.

ಎಇಡಿಯ ಬ್ಯಾಟರಿ ಸರಿಯಿದೆಯೆಂದು ತೋರಿಸುವ ದೀಪ ಮತ್ತು ಪ್ಯಾಡ್‌ಗಳ ಎಕ್ಸ್‌ಪೈರಿ ದಿನಾಂಕವನ್ನು ತಿಂಗಳಿಗೊಮ್ಮೆ ನೋಡುವ ಹೊಣೆಯನ್ನು ಒಬ್ಬರ ಹೆಸರಿಗೇ ಬರೆದಿಡಿ.