ಮೊದಲ ಪಾಸ್‌ಪೋರ್ಟ್: ತಡವಾಗುವುದು ಎಲ್ಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಟಿ.ಆರ್.’, ಆಧಾರ್‌ನಲ್ಲಿ ‘ಮಂಜುನಾಥ್ ಆರ್.’ ಎಂದಿದೆ. ನಮ್ಮಲ್ಲಿ ಸರ್‌ನೇಮ್ ಇಟ್ಟುಕೊಳ್ಳುವ ರೂಢಿಯೇ ಇಲ್ಲ. ಅರ್ಜಿಯಲ್ಲಿ ಏನು ಬರೆಯಬೇಕು?
— ಓದುಗರು, ತಿಪಟೂರು

ಉತ್ತರ: ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುವ ಹಳೇ ಮೈಸೂರು ಕಡೆಯವರಿಗೆಲ್ಲ ಇರುವ ತಲೆನೋವು ಇದು. ನಿಮ್ಮದರಲ್ಲಿ ತೊಡಕು ಎರಡಿವೆ. ಇಂಗ್ಲಿಷಿನಲ್ಲಿ ಬರೆದಾಗ ಅಂಕಪಟ್ಟಿಯ ಹೆಸರಿನ ಕೊನೆಗೆ ‘ಎ’ ಇದೆ, ಆಧಾರ್‌ನಲ್ಲಿ ಇಲ್ಲ. ನಮ್ಮ ಕಿವಿಗೆ ಎರಡೂ ಒಂದೇ. ದಾಖಲೆ ನೋಡುವವರಿಗೆ ಎರಡು ಬೇರೆ ಬೇರೆ ಹೆಸರು. ಇನ್ನೊಂದು ಇನಿಷಿಯಲ್. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು.

ಅಂಕಪಟ್ಟಿ ತಿದ್ದಿಸುವುದು ಬಲು ಕಷ್ಟ, ಆಧಾರ್ ತಿದ್ದಿಸುವುದು ಸುಲಭ. ಹಾಗಾಗಿ ಅಂಕಪಟ್ಟಿಯಲ್ಲಿರುವ ಕಾಗುಣಿತವನ್ನೇ ಹಿಡಿದುಕೊಂಡು ಆಧಾರನ್ನು ಅದಕ್ಕೆ ಹೊಂದಿಸಿ. ಆದರೆ ಆಧಾರ್‌ನಲ್ಲಿ ಹೆಸರು ತಿದ್ದಲು ಇಡೀ ಜೀವಮಾನಕ್ಕೆ ಎರಡೇ ಅವಕಾಶ. ಕಾಗುಣಿತ ಮತ್ತು ಇನಿಷಿಯಲ್ ಎರಡನ್ನೂ ಒಂದೇ ಸಲಕ್ಕೆ ಸರಿಮಾಡಿಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರು ಪೂರ್ತಿ ಇರುತ್ತದಲ್ಲ, ‘ಆರ್’ ಅಂದರೆ, ಉದಾಹರಣೆಗೆ, ರಾಮಯ್ಯ ಎಂದು ತೋರಿಸಲು ಅದು ಜೊತೆಗಿರಲಿ.

ಅರ್ಜಿಯಲ್ಲಿ ‘ಗಿವನ್ ನೇಮ್’ ಮತ್ತು ‘ಸರ್‌ನೇಮ್’ ಎಂದು ಎರಡು ಖಾನೆಗಳಿವೆ. ಸರ್‌ನೇಮ್ ಖಾಲಿ ಬಿಟ್ಟರೂ ಅರ್ಜಿ ಮುಂದೆ ಹೋಗುತ್ತದೆ, ಪಾಸ್‌ಪೋರ್ಟೂ ಬರುತ್ತದೆ. ಪೇಚಾಟ ಶುರುವಾಗುವುದು ಆಮೇಲೆ. ಅಮೆರಿಕದ ವೀಸಾದಲ್ಲಿ ಇರುವ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರ ಬಗ್ಗೆ ಯುಎಇ ಕೂಡ 2022ರ ನವೆಂಬರಿನಲ್ಲಿ ನಿಯಮ ಬಿಗಿ ಮಾಡಿತು. ಆದ್ದರಿಂದ ಗಿವನ್ ನೇಮ್ ಮಂಜುನಾಥ, ಸರ್‌ನೇಮ್ ರಾಮಯ್ಯ ಎಂದು ಬರೆಯುವುದು ಕ್ಷೇಮ. ಊರಿನ ಹೆಸರೂ ಬೇಕೆಂದರೆ ಗಿವನ್ ನೇಮ್ ಖಾನೆಯಲ್ಲಿ ಮಂಜುನಾಥದ ಜೊತೆ ಸೇರಿಸಿ. ಆಗ ಆಧಾರ್‌ನಲ್ಲೂ ಅದು ಹಾಗೆಯೇ ಇರಬೇಕು. ಪರದೇಶದಲ್ಲಿ ಮಗನನ್ನು ಎಲ್ಲರೂ ‘ಮಿಸ್ಟರ್ ರಾಮಯ್ಯ’ ಎಂದೇ ಕರೆಯುತ್ತಾರೆ, ಅಪ್ಪನಿಗೆ ಬೇಸರವಾಗಲಿಕ್ಕಿಲ್ಲ.

ಪ್ರಶ್ನೆ: ಊರು ವಿಜಯಪುರ. ಬೆಂಗಳೂರಿನ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುತ್ತಿದ್ದೇನೆ, ಎಂಟು ತಿಂಗಳಾಯಿತು. ಆಧಾರ್‌ನಲ್ಲಿ ಊರಿನ ವಿಳಾಸವಿದೆ. ಯಾವ ವಿಳಾಸ ಕೊಡಲಿ? ಇಲ್ಲಿಂದಲೇ ಅರ್ಜಿ ಹಾಕಬಹುದೇ?
— ಓದುಗರು, ಬೆಂಗಳೂರು

ಉತ್ತರ: ಹಾಕಬಹುದು. 2018ರಿಂದ ದೇಶದ ಯಾವ ಕಚೇರಿಯನ್ನಾದರೂ ಆರಿಸಿಕೊಳ್ಳಲು ಅವಕಾಶವಿದೆ. ಬೆಂಗಳೂರಿನ ಸೇವಾ ಕೇಂದ್ರಗಳಲ್ಲಿ ದಿನಾಂಕ ಸಿಗದಿದ್ದರೆ ಹತ್ತಿರದ ಬೇರೆ ಊರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವನ್ನೂ ನೋಡಿ. ಆದರೆ ಕಚೇರಿ ಎಲ್ಲಿಯದೇ ಆಗಲಿ, ಪೊಲೀಸರು ವಿಚಾರಿಸುವುದೂ ಪಾಸ್‌ಪೋರ್ಟ್ ಬಂದು ತಲುಪುವುದೂ ನೀವು ಬರೆದ ವಿಳಾಸಕ್ಕೆ.

‘ಈಗಿನ ವಿಳಾಸ’ ಅಂದರೆ ಈಗ ನೀವು ವಾಸವಿರುವ ಜಾಗ. ಅಲ್ಲಿ ಒಂದು ವರ್ಷ ತುಂಬಿಲ್ಲವಾದ್ದರಿಂದ ಹಿಂದಿನ ವಿಳಾಸವನ್ನೂ ಕೊಡಬೇಕು, ಅಲ್ಲಿಯೂ ವಿಚಾರಣೆ ನಡೆಯಬಹುದು. ‘ಆಧಾರ್ ಊರಿನದು, ಅದನ್ನೇ ಹಾಕಿಬಿಡೋಣ’ ಎಂದು ಪಿಜಿಯ ವಿಷಯ ಮುಚ್ಚಿಡಬೇಡಿ. ಪೇದೆ ಮನೆಗೆ ಬಂದಾಗ ಪಕ್ಕದ ಮನೆಯ ಅಜ್ಜಿ ‘ಅಂವ ಬೆಂಗಳೂರಾಗ ಅದಾನ್ರೀ’ ಎಂದರೆ ಸಾಕು, ವರದಿ ತಿರುಗಿಬೀಳುತ್ತದೆ. ಮಾಹಿತಿ ಮುಚ್ಚಿಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನಡಿ ಅಪರಾಧವೂ ಹೌದು.

ಬೆಂಗಳೂರಿನ ವಿಳಾಸಕ್ಕೆ ದಾಖಲೆ ಬೇಕಲ್ಲ. ಪಿಜಿ ಮಾಲೀಕರು ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ಚೀಟಿ ನಡೆಯುವುದಿಲ್ಲ. ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಬಾಡಿಗೆ ಕರಾರನ್ನೂ ನಂಬಿಕೊಳ್ಳಬೇಡಿ, ಅದು ನೋಂದಣಿಯಾಗಿರಬೇಕು. ವ್ಯವಹಾರ ನಡೆಯುತ್ತಿರುವ ಖಾತೆಯ, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಈ ವಿಳಾಸವಿದ್ದರೆ ಒಳ್ಳೆಯದು. ಎಲ್ಲಕ್ಕಿಂತ ನೆಮ್ಮದಿಯ ದಾರಿಯೆಂದರೆ ಮೊದಲು ಆಧಾರ್‌ನ ವಿಳಾಸ ಬದಲಿಸಿ, ಆಮೇಲೆ ಅರ್ಜಿ ಹಾಕುವುದು. ಸ್ಪೀಡ್ ಪೋಸ್ಟಿನಲ್ಲಿ ಬರುವ ಪಾಸ್‌ಪೋರ್ಟನ್ನು ಅಂಚೆಯವರು ನಿಮ್ಮ ಕೈಗೇ ಕೊಡಬೇಕು, ವಾಚ್‌ಮನ್ ಕೈಗಲ್ಲ. ಹಗಲು ಪಿಜಿಯಲ್ಲಿ ಇರುವುದಿಲ್ಲವೆಂದಾದರೆ ರವಾನೆಯ ಸಂದೇಶ ಬಂದ ಕೂಡಲೇ ನಿಮ್ಮ ಬಡಾವಣೆಯ ಅಂಚೆ ಕಚೇರಿಗೆ ಹೋಗಿ ವಿಚಾರಿಸಿ. ವಾಪಸಾದರೆ ಕೋರಮಂಗಲದ ಪ್ರಾದೇಶಿಕ ಕಚೇರಿಯ ಬಾಗಿಲು ತಟ್ಟಬೇಕಾಗುತ್ತದೆ.

ಪ್ರಶ್ನೆ: ಏಜೆಂಟರೊಬ್ಬರು ನಾಲ್ಕು ಸಾವಿರ ಕೇಳುತ್ತಿದ್ದಾರೆ. ನಿಜವಾದ ಶುಲ್ಕ ಎಷ್ಟು?
— ಓದುಗರು, ಶಿರಸಿ

ಉತ್ತರ: ವಯಸ್ಕರಿಗೆ 36 ಪುಟದ್ದಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ತತ್ಕಾಲ್ ಆದರೆ ಅದರ ಮೇಲೆ 2,000. ಮೊದಲ ಸಲಕ್ಕೆ 36 ಪುಟ ಧಾರಾಳ. ಜಾಲತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆಯೇ ನೋಡಿಕೊಳ್ಳಿ. ಅದೇ ವೇಷದ ನಕಲಿ ತಾಣಗಳಿವೆ. ಅರ್ಜಿಯನ್ನು ಬೇರೆಯವರಿಂದ ತುಂಬಿಸಿದರೂ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಇರಲಿ. ಏಜೆಂಟರ ನಂಬರ್ ಹಾಕಿದರೆ ಎಲ್ಲ ಸಂದೇಶಗಳೂ ಅವರಿಗೇ ಹೋಗುತ್ತವೆ.

ಪ್ರಶ್ನೆ: ತಮ್ಮ ಕತಾರಿನಲ್ಲಿ ಹೋಟೆಲ್ ಕೆಲಸಕ್ಕೆ ಹೋಗಬೇಕು. ಹತ್ತನೆಯ ತರಗತಿ ಪಾಸಾಗಿದ್ದಾನೆ. ‘ಇಸಿಆರ್’ ಎಂದರೇನು?
— ಓದುಗರು, ಕುಂದಾಪುರ

ಉತ್ತರ: ‘ಎಮಿಗ್ರೇಶನ್ ಚೆಕ್ ರಿಕ್ವೈರ್ಡ್’, ಅಂದರೆ ‘ವಲಸೆ ತಪಾಸಣೆ ಅಗತ್ಯ’. ಕೊಲ್ಲಿಯ ದೇಶಗಳು, ಮಲೇಷ್ಯಾ ಸೇರಿ 18 ದೇಶಗಳಿಗೆ ದುಡಿಯಲು ಹೋಗುವವರಲ್ಲಿ ‘ಇಸಿಆರ್’ ಪಾಸ್‌ಪೋರ್ಟ್ ಇರುವವರು ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕು. ಹತ್ತನೆಯದು ಪಾಸಾದವರಿಗೆ ಈ ಕಟ್ಟು ಇಲ್ಲ, ಆದರೆ ಪಾಸಾದದ್ದನ್ನು ತೋರಿಸಬೇಕು. ‘ಆಧಾರ್ ಇದೆ, ಪ್ಯಾನ್ ಇದೆ, ಸಾಕು’ ಎಂದು ಅಂಕಪಟ್ಟಿ ಮನೆಯಲ್ಲೇ ಬಿಟ್ಟು ಬಂದವರ ಪಾಸ್‌ಪೋರ್ಟಿಗೆ ‘ಇಸಿಆರ್’ ಬೀಳುತ್ತದೆ; ಅದನ್ನು ತೆಗೆಸಲು ಮತ್ತೆ ಶುಲ್ಕ ಕಟ್ಟಿ ಮರುವಿತರಣೆಗೆ ಅರ್ಜಿ ಹಾಕಬೇಕು. ತಮ್ಮನಿಗೆ ಮೂಲ ಅಂಕಪಟ್ಟಿಯನ್ನೇ ಕೊಟ್ಟು ಕಳಿಸಿ.

ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಎಂದು ಮೂರು ಹಂತ. ‘ಎ’ಯಲ್ಲಿ ದಾಖಲೆ ಸ್ಕ್ಯಾನ್ ಮಾಡಿ, ಫೋಟೊ, ಬೆರಳಚ್ಚು ತೆಗೆಯುತ್ತಾರೆ. ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು ಪರದೆಯ ಮೇಲೆ ಬಂದಾಗ ಒಂದೊಂದೇ ಅಕ್ಷರ ಓದಲು ಹೇಳಿ. ತಪ್ಪು ತಿದ್ದಲು ಅದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ. ‘ಬಿ’ಯಲ್ಲಿ ಮೂಲ ದಾಖಲೆ ತಾಳೆ ನೋಡುತ್ತಾರೆ, ‘ಸಿ’ಯಲ್ಲಿ ಮಂಜೂರಾತಿ.

ಪ್ರಶ್ನೆ: 2024ರಲ್ಲಿ ಹುಟ್ಟಿದ ಮಗುವಿಗೆ ಆಧಾರ್ ಸಾಕೇ?
— ಓದುಗರು, ಮಂಗಳೂರು

ಉತ್ತರ: ಸಾಲದು. 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರ ಜನ್ಮದಿನಕ್ಕೆ ಜನನ ಪ್ರಮಾಣಪತ್ರವೊಂದೇ ದಾಖಲೆ. ಅದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದ್ದರೆ ಮೊದಲು ಹೆಸರು ಸೇರಿಸಿ. ತಂದೆ ತಾಯಿ ಇಬ್ಬರೂ ಸಹಿ ಮಾಡಿದ ‘ಅನೆಕ್ಸರ್ ಡಿ’ ಎಂಬ ಘೋಷಣಾ ಪತ್ರ ಬೇಕು. ನಾಲ್ಕು ವರ್ಷದೊಳಗಿನ ಮಗುವಿಗೆ ಬಿಳಿ ಹಿನ್ನೆಲೆಯ ಫೋಟೊ ನೀವೇ ಒಯ್ಯಿರಿ. ಶುಲ್ಕ 1,000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಅದರಲ್ಲಿ ಶೇ 10 ಕಡಿತ.

ಪ್ರಶ್ನೆ: ಸೇವಾ ಕೇಂದ್ರದ ಕೆಲಸ ಮುಗಿದು ತಿಂಗಳಾಯಿತು, ಪೊಲೀಸರು ಬಂದೇ ಇಲ್ಲ. ಏನು ಮಾಡಲಿ?
— ಓದುಗರು, ಹಾಸನ

ಉತ್ತರ: ರಸೀದಿಯಲ್ಲಿರುವ ಫೈಲ್ ನಂಬರ್ ಹಾಕಿ ಸ್ಟೇಟಸ್ ನೋಡಿ. ಅರ್ಜಿ ತುಂಬುವಾಗ ಠಾಣೆಯ ಹೆಸರನ್ನು ಪಟ್ಟಿಯಿಂದ ಆರಿಸಿರುತ್ತೀರಿ. ಅಲ್ಲಿ ನಗರ ಠಾಣೆಯ ಬದಲು ಬಡಾವಣೆ ಠಾಣೆ ಎಂದು ತಪ್ಪಿದ್ದರೆ ಕಡತ ಬೇರೆಯವರ ಮೇಜಿನಲ್ಲಿ ಕುಳಿತಿರುತ್ತದೆ. ನಿಮ್ಮ ಬೀದಿ ಯಾವ ಠಾಣೆಯ ಸರಹದ್ದಿಗೆ ಸೇರುತ್ತದೆಂದು ಖಚಿತಪಡಿಸಿಕೊಂಡು, ಆಧಾರ್, ಅಂಕಪಟ್ಟಿಗಳ ಮೂಲ ಮತ್ತು ಜೆರಾಕ್ಸ್ ಹಿಡಿದು ಅಲ್ಲಿಗೇ ಹೋಗಿ, ಪಾಸ್‌ಪೋರ್ಟ್ ವಿಚಾರಣೆ ನೋಡಿಕೊಳ್ಳುವವರನ್ನು ಕೇಳಿ. ಗೊತ್ತಿಲ್ಲದ ನಂಬರಿನ ಕರೆ ಎತ್ತದೆ ಬಿಟ್ಟಿದ್ದೀರಾ ಎಂದೂ ನೆನಪು ಮಾಡಿಕೊಳ್ಳಿ, ಪೊಲೀಸರು ಸಾಮಾನ್ಯವಾಗಿ ಮೊದಲು ಫೋನ್ ಮಾಡುತ್ತಾರೆ. ಈ ವಿಚಾರಣೆಗೆ ಪ್ರತ್ಯೇಕ ಶುಲ್ಕವೇನೂ ಇಲ್ಲ. ವರದಿ ‘ಅಪೂರ್ಣ’ ಎಂದು ಹಿಂದಿರುಗಿದ್ದರೆ ಠಾಣೆಗೆ ಅಲೆದು ಪ್ರಯೋಜನವಿಲ್ಲ. ಮತ್ತೊಮ್ಮೆ ವಿಚಾರಣೆಗೆ ಕಳಿಸಬೇಕೆಂದು ಫೈಲ್ ನಂಬರ್ ನಮೂದಿಸಿ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಬರೆಯಿರಿ.